ಮೂರನೇ ಬಟನ್ನಿನ ಮಾತು

ಪಾರ್ಶ್ವವಾಯು ಬಡಿದ ಮೇಲೆ ಅಕ್ಕನ ಮಾತು ನಿಂತುಹೋಗಿತ್ತು. ಎಡಗೈ ತೋರುಬೆರಳೊಂದು ಮಾತ್ರ ಅವಳು ಹೇಳಿದಂತೆ ಕೇಳುತ್ತಿತ್ತು. ಆ ಬೆರಳಿಗೆಂದೇ ನಾನು ಅವಳ ಟ್ಯಾಬ್‌ನಲ್ಲಿ ಒಂದು ಪುಟ್ಟ ಭಾಷೆ ಮಾಡಿಕೊಟ್ಟಿದ್ದೆ. ‘ಮೂರು ಒತ್ತಿದರೆ ಹೇಳು’ ಎಂದು ಬರೆದು, ಹೇಳಬೇಕಾದ್ದನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರಾಯಿತು. ಮೂರನೇ ಬಟನ್ ಒತ್ತಿದಾಗ ಯಂತ್ರ ಅದನ್ನು ಓದುತ್ತಿತ್ತು.

ಸಂಜೆ ಅವಳ ಮಗಳು ಬರುವವಳಿದ್ದಳು. ಅಕ್ಕ ಬೆಳಿಗ್ಗೆಯಿಂದ ಒಂದೊಂದೇ ಅಕ್ಷರ ಒತ್ತಿ ಮಗಳಿಗೆ ಏನೋ ಬರೆದಿಟ್ಟು, ಬಟನ್ ಒತ್ತಿ ನೋಡಿದಳು.

“ನಿನ್ನ ಚಿಕ್ಕಮ್ಮ” ಎಂದು ಯಂತ್ರ ಸುಮ್ಮನಾಯಿತು. ಮತ್ತೆ ಒತ್ತಿದಳು. ಅಷ್ಟೇ.

“ಕೊಡು ಇಲ್ಲಿ, ಸರಿ ಮಾಡ್ತೀನಿ.”

ಅಕ್ಕ ಬೆರಳನ್ನು ಪರದೆಗೆ ಅಡ್ಡ ಇಟ್ಟು, ಹಿಂದೆ ಕ್ಲಾಸಿನ ಹುಡುಗಿಯರನ್ನು ನೋಡುತ್ತಿದ್ದಂತೆ ನನ್ನನ್ನು ನೋಡಿದಳು.

“ಆಯ್ತು ಟೀಚರಮ್ಮಾ, ನೋಡಲ್ಲ. ಒಳಗೆ ಇನ್ನೊಬ್ರ ಮಾತಿಗೂ ಚಿಹ್ನೆ ಹಾಕಿದೀಯಾ?”

ಹಾಕಿದ್ದೇನೆ, ಇನ್ನೇನು, ಎಂಬಂತೆ ಹುಬ್ಬೇರಿಸಿದಳು.

ತಪ್ಪು ನನ್ನದೇ. ಅವಳು ಬರೆದದ್ದನ್ನು ಓದಿ ಯಂತ್ರಕ್ಕೆ ತಿಳಿಸುವ ನನ್ನ ಇಂಟರ್‌ಪ್ರಿಟರ್ ಎರಡನೇ ಚಿಹ್ನೆ ಕಂಡ ಕೂಡಲೇ ಮಾತು ಮುಗಿಯಿತೆಂದು ತಿಳಿದು ಉಳಿದದ್ದನ್ನು ಎಸೆಯುತ್ತಿತ್ತು. ಎಸೆದದ್ದು, ಅಂದರೆ, ಚಿಕ್ಕಮ್ಮನಾದ ನಾನು ಆಡಿದ ಮಾತು. ಯಾವುದು? ನಿನ್ನೆ ಸ್ನಾನದ ಮನೆಯಲ್ಲಿ ಸಿಡುಕಿದ್ದೆ. ಮೊನ್ನೆ ಔಷಧಿ ಚೆಲ್ಲಿದಾಗಲೂ. ಮಗಳ ಹತ್ತಿರ ದೂರು ಹೇಳುತ್ತಿದ್ದಾಳೆಯೇ? ಹೇಳಲಿ, ಅಂದುಕೊಂಡೆ.

ಮಾತು ಇನ್ನೂ ಮುಗಿದಿಲ್ಲವೆಂದು ಯಂತ್ರಕ್ಕೆ ತಿಳಿಯಲು ಒಳಗಿನ ಪ್ರತಿ ಚಿಹ್ನೆಯ ಮೊದಲು ಒಂದು ಓರೆಗೆರೆ ಹಾಕು ಎನ್ನಬಹುದಿತ್ತು. ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರಿಗೂ ಹಾಗೆಯೇ ಹೇಳುತ್ತೇವೆ. ಒಂದೇ ಬೆರಳಿನವಳಿಗೆ ಹೇಗೆ ಹೇಳುವುದು? ಅಕ್ಕ ಬರೆಯುವುದು ಸಾಲಿಗೊಂದೇ ಮಾತು. ಸಾಲಿನ ಕಟ್ಟಕಡೆಯ ಚಿಹ್ನೆ ಸಿಗುವವರೆಗೂ ಕಾಯಬೇಕು ಎಂದು ಇಂಟರ್‌ಪ್ರಿಟರಿಗೆ ಕಲಿಸಿದೆ. ಮನಸ್ಸಿಗೆ ತೋಚಿದ ವಾಕ್ಯಗಳನ್ನು ಕೊಟ್ಟು ಪರೀಕ್ಷಿಸಿದೆ. ಅಕ್ಕನ ಸಾಲನ್ನು ಮಾತ್ರ ತೆರೆಯಲಿಲ್ಲ.

ಮಗಳು ಬಂದು ಮಂಚದ ಅಂಚಿನಲ್ಲಿ ಕೂತಳು. ನಾನು ಎದ್ದು ಹೊರಟರೆ ಅಕ್ಕ ನನ್ನ ಸೆರಗನ್ನು ಬೆರಳಿಗೆ ಸಿಕ್ಕಿಸಿಕೊಂಡಳು. ಆಮೇಲೆ ಬಟನ್ ಒತ್ತಿದಳು.

“ನಿನ್ನ ಚಿಕ್ಕಮ್ಮ ‘ನಂಗೇನೂ ಸುಸ್ತಿಲ್ಲ’ ಅಂತಾಳೆ. ನಂಬಬೇಡ. ಕೂತಲ್ಲೇ ನಿದ್ದೆ ಹೋಗ್ತಾಳೆ. ನೀನು ಇರೋ ವಾರ ಅವಳನ್ನ ಎಲ್ಲಿಗಾದ್ರೂ ಕಳಿಸು.”

ಮಗಳು ನನ್ನ ಕಡೆ ತಿರುಗಿದಳು. “ಚಿಕ್ಕಮ್ಮಾ, ಬಟ್ಟೆ ತುಂಬ್ಕೊ.”

“ಅಯ್ಯೋ, ಸುಮ್ನಿರೇ. ನಂಗೇನೂ...”

ನನ್ನ ಮಾತು ಮುಗಿಯುವ ಮೊದಲೇ ಅಕ್ಕ ಮತ್ತೊಮ್ಮೆ ಬಟನ್ ಒತ್ತಿದಳು.