ಪಾರವ್ವ ಇದ್ದ ಜಾಗ

ಅಮರನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿಂಜೆವಾಡಿಯ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು, ಹೇಳಿಕೊಳ್ಳಲು ಕಂಪ್ಯೂಟರ್ ಕೆಲಸ. ಬುದ್ಧಿ ಮಾತ್ರ ಮಂಗಮಾಯ.

ಅವನ ಅಪ್ಪ ಗೂಳಪ್ಪನವರದು ರವಿವಾರ ಪೇಠೆಯಲ್ಲಿ ಬಟ್ಟೆ ಅಂಗಡಿ. ಆರ್ಡರ್ ಮರೆಯಬಾರದೆಂದು ಅಂಗಡಿಗೆ ಬಂದ ಫೋನೆಲ್ಲ ಅಲ್ಲಿನ ಲಿನಕ್ಸ್ ಕಂಪ್ಯೂಟರಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಆ ರೆಕಾರ್ಡಿಂಗಿನಲ್ಲಿ ಗಿರಾಕಿಗಳ ನಡುವೆ ಅಮರನ ತಾಯಿ ಪಾರವ್ವನ ದನಿಯೂ ಇತ್ತು. ದಿನಾ ಮಧ್ಯಾಹ್ನ "ಊಟಕ್ಕ ಬರ್ರಿ, ರೊಟ್ಟಿ ಆರತಾವ" ಎಂದು ಮನೆಯಿಂದ ಫೋನ್ ಮಾಡಿ ಗಂಡನನ್ನು ಕರೆಯುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ. ಗೂಳಪ್ಪನವರಿಗೆ ಅದನ್ನು ಒಮ್ಮೆ ಕೇಳಬೇಕಿತ್ತು, ಅಷ್ಟೇ.

ಆದರೆ ತಾಯಿ ತೀರಿದ ಮೇಲೆ ಮಾಡಿದ ಶಿವಗಣಾರಾಧನೆಯ ವಿಡಿಯೋ ಹಾಕಲು ಜಾಗ ಸಾಲದೆ, ಹಳೆಯ ರೆಕಾರ್ಡಿಂಗನ್ನೆಲ್ಲ ಅಮರ ಅಳಿಸಿಬಿಟ್ಟಿದ್ದ. ಬ್ಯಾಕಪ್ಪೂ ಇಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ ಈಗ ನನ್ನನ್ನು ಅಂಗಡಿಗೆ ಕರೆಸಿದ್ದ.

"ಅಪೂರ್ವ, ಅಳಿಸಿದ್ರೂ ಡಿಸ್ಕಿನ್ಯಾಗ ಇರ್ತದಲ್ಲ?" ಎಂದ.

"ಇರತ್ತೆ ಕಣೋ, ಮೇಲೆ ಬೇರೆ ಏನೂ ಬರೀದಿದ್ರೆ! ಡಿಲೀಟ್ ಮಾಡಿದ್ರೆ ಅಡ್ರೆಸ್ ಮಾತ್ರ ಹೋಗತ್ತೆ. ಖಾಲಿ ಆಯ್ತು ಅಂತ ಅದೇ ಜಾಗಕ್ಕೆ ಅಷ್ಟೂ ವಿಡಿಯೋ ಸುರಿದಿದ್ದೀಯಲ್ಲೋ, ತಲೆ ಕೆಟ್ಟಿತ್ತಾ?"

ಆದರೂ ಹುಡುಕಿದೆ. ವರ್ಷಗಟ್ಟಲೆ ತುಂಬಿ ತುಳುಕಿದ್ದ ಡಿಸ್ಕ್. ಒಂದೊಂದು ಕರೆಯೂ ಸಿಕ್ಕ ಸಂದಿಗೊಂದಿಯಲ್ಲಿ ತುಂಡು ತುಂಡಾಗಿ ಸೇರಿಕೊಂಡಿತ್ತು. ಯಾವ ತುಂಡು ಯಾವ ಕರೆಯದ್ದು ಎಂದು ಹೇಳುವವರಿಲ್ಲ. ಸೀರೆಯ ದರ ಕೇಳುವ ಮರಾಠಿ ಹೆಂಗಸು ಸಿಕ್ಕಳು. ಆಮೇಲೆ ಒಂದು ಕುಕ್ಕರ್ ಸೀಟಿ.

"ನಮ್ಮ ಮನೀದು!" ಎಂದು ಪಕ್ಕದಲ್ಲಿ ಕೂತಿದ್ದ ಗೂಳಪ್ಪನವರು ಎದ್ದು ನಿಂತರು.

ಹಿಂದೆಯೇ ದನಿ ಬರಬೇಕಿತ್ತು. ಬಂದದ್ದು ಬರೀ ಗರಗರ. ಅದರಾಚೆ ಆರಾಧನೆಯ ಊಟದ ವಿಡಿಯೋ ಕೂತಿತ್ತು.

"ಹಂಗಾದ್ರ ಆ ವಿಡಿಯೋ ತಗದಬಿಡವಾ," ಎಂದರು. "ಅದರ ಕೆಳಗ ಅಕಿ ಇರ್ತಾಳ."

ನಾನು ಅವರತ್ತ ತಿರುಗಿದೆ. "ಕೆಳಗೆ ಏನೂ ಇರಲ್ಲ ಕಾಕಾ. ಅಮ್ಮ ಇದ್ದ ಜಾಗ ಅಳಿಸಿ ಇದನ್ನ ಬರೆದಾಗಿದೆ."

ಅವರು ನಂಬಲಿಲ್ಲ. ನನ್ನ ಕೈಯಿಂದ ಮೌಸ್ ಕಸಿದುಕೊಂಡು, ಹಾರ ಹಾಕಿದ ಹೆಂಡತಿಯ ಫೋಟೋ, ಪಂಕ್ತಿಗೆ ಕೂತ ನೆಂಟರು, ಎಲ್ಲ ವಿಡಿಯೋಗಳನ್ನೂ ಒಂದೊಂದಾಗಿ ಅಳಿಸತೊಡಗಿದರು. ಪ್ರತಿಸಲವೂ ಸ್ಪೀಕರಿಗೆ ಕಿವಿ ಹಚ್ಚಿ ಕೇಳುತ್ತಿದ್ದರು. ಅಮರ ಅಳುತ್ತಿದ್ದ.