ಮಿನೆಸೋಟದಲ್ಲೇ ಉಳಿದ ಸಂಬಳ

ಮಾರ್ಚ್ ಬಂತೆಂದರೆ ಟೆಕ್ಸಸ್‌ನ ಡೊನ್ನಾ ಊರಾಚೆಯ ನಮ್ಮ ಕಾಲೊನಿಯಲ್ಲಿ ಗಾಡಿಯದೇ ಮಾತು. ಯಾರ ಟೈರು ಸವೆದಿದೆ, ಯಾರ ಎಂಜಿನ್ನು ಎಣ್ಣೆ ಕುಡಿಯುತ್ತಿದೆ, ಯಾರ ಜೊತೆ ಯಾರು ಹೊರಡುತ್ತಾರೆ. ಜೂನ್‌ನಲ್ಲಿ ಟೆಕ್ಸಸ್ ಬಿಟ್ಟು ಮಿನೆಸೋಟದ ದಾರಿ ಹಿಡಿಯಬೇಕಲ್ಲ! ಅಲ್ಲಿ ಬಟಾಣಿ, ಜೋಳವನ್ನು ಡಬ್ಬಿಗೆ ತುಂಬುವ ಕಾರ್ಖಾನೆಯವರು ಹೇಳಿದ ದಿನಕ್ಕೆ ಬಾರದವರ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ಕಾಲು ಹಿಡಿದರೂ ಅಷ್ಟೆ.

ಎಲೋಡಿಯಾಳ ಮನೆಯ ಮುಂದೆ ಪಿಕಪ್ ಗಾಡಿ ಕೆಟ್ಟು ನಿಂತಿತ್ತು. ಗೇರ್ ಬಾಕ್ಸ್ ಹೋಗಿದೆ ಎಂದಿದ್ದ ಮೆಕ್ಯಾನಿಕ್. ಅವನು ಕೇಳಿದ ದುಡ್ಡು ಮನೆಯಲ್ಲಿರಲಿಲ್ಲ. ಗಾಡಿ ಇಲ್ಲದಿದ್ದರೆ ಕಾರ್ಖಾನೆ ಇಲ್ಲ, ಕಾರ್ಖಾನೆ ಇಲ್ಲದಿದ್ದರೆ ಚಳಿಗಾಲದ ಊಟವಿಲ್ಲ. ಗಂಡ ರೆಮಿಹಿಯೊ ಬೆಳಿಗ್ಗೆ ಎದ್ದವನೇ ಗಾಡಿಯ ಅಡಿಗೆ ತೂರಿ, ಏನೂ ಆಗದೆ, ಬೈಯುತ್ತ ಹೊರಗೆ ಬರುತ್ತಿದ್ದ. ಎಲೋಡಿಯಾ ಜೂನ್‌ಗೆ ಉಳಿದ ದಿನಗಳನ್ನು ಎಣಿಸುತ್ತಿದ್ದಳು.

ಒಂದು ಭಾನುವಾರ ಹೊವಿತಾ, ಬಾರ್ಬಕೋವಾ ಎನ್ನುವ ಹದವಾಗಿ ಬೇಯಿಸಿದ ಮಾಂಸದ ಪೊಟ್ಟಣ ಹಿಡಿದು ಬಂದಳು. ಚರ್ಚಿನಲ್ಲಿ ಇವರ ಮಗಳ ದೀಕ್ಷಾಸ್ನಾನಕ್ಕೆ ದೇವತಾಯಿಯಾಗಿ ನಿಂತವಳು ಹೊವಿತಾ, ಹಾಗಾಗಿ ಗಂಡಹೆಂಡತಿ ಇಬ್ಬರಿಗೂ ಅವಳು ಕೊಮಾದ್ರೆ, ಅವಳಿಗೆ ರೆಮಿಹಿಯೊ ಕೊಂಪಾದ್ರೆ. ಮನೆಮನೆಗೆ ಹೋಗಿ ಲಸಿಕೆ, ಸಕ್ಕರೆ ಕಾಯಿಲೆ, ಸರ್ಕಾರದ ಸವಲತ್ತು ಎಂದು ತಿಳಿಹೇಳುವುದು ಅವಳ ಕೆಲಸ. ಬಾಯಿ ಸ್ವಲ್ಪ ಜೋರು.

ಬಿಸಿ ತೋರ್ತಿಯಾ ರೊಟ್ಟಿಯಲ್ಲಿ ಮಾಂಸ ಸುತ್ತುತ್ತ ಅವಳು ಕೇಳಿದಳು, "ತೆರಿಗೆ ರಿಟರ್ನ್ ಹಾಕಿದ್ರಾ?"

"ಫೆಬ್ರವರಿಲೇ ಹಾಕಾಯ್ತು. ಬಂದ ದುಡ್ಡು ಬಾಡಿಗೆ ಬಾಕಿಗೆ ಹೋಯ್ತು," ಎಂದ ರೆಮಿಹಿಯೊ.

"ಅದು ಕೇಂದ್ರದ್ದು. ಮಿನೆಸೋಟಕ್ಕೆ?"

"ಮಿನೆಸೋಟಕ್ಕೇನು?"

"ರಿಟರ್ನು! ಅಲ್ಲಿನ ಸಂಬಳದಲ್ಲಿ ಆ ರಾಜ್ಯ ಬೇರೆ ತೆರಿಗೆ ಹಿಡ್ಕೊಂಡಿರತ್ತೆ. ವರ್ಷದ ಸಂಬಳ, ತೆರಿಗೆ ಬರೆದು ಕಾರ್ಖಾನೆಯವರು ಕೊಡ್ತಾರಲ್ಲ, ಆ ಡಬ್ಲ್ಯು-ಟು ಚೀಟಿ ತೆಗೆದು ನೋಡಿ."

ಇಲ್ಲೇ ನಮ್ಮವರೆಲ್ಲ ಎಡವುವುದು. ಟೆಕ್ಸಸ್‌ನಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯೇ ಇಲ್ಲ. ಹುಟ್ಟಿದಾಗಿನಿಂದ ಒಂದೇ ರಿಟರ್ನ್ ನೋಡಿದವರಿಗೆ ಎರಡನೆಯದೊಂದಿದೆ ಎಂದು ಹೊಳೆಯುವುದಾದರೂ ಹೇಗೆ? ಅಲ್ಲಿ ದುಡಿಯುತ್ತೇವೆ, ಬಿಟ್ಟು ಬರುತ್ತೇವೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಎಲೋಡಿಯಾ ಬಿಸ್ಕತ್ತಿನ ಡಬ್ಬಿಯಿಂದ ಚೀಟಿಗಳನ್ನು ತಂದಳು. ಕೆಳಗಿನ ಸಾಲಿನಲ್ಲಿ ರಾಜ್ಯದ ಹೆಸರು, ಅದರ ಪಕ್ಕದಲ್ಲಿ ಹಿಡಿದ ಹಣ, ಅಚ್ಚಾಗಿಯೇ ಇತ್ತು.

"ಪೂರ್ತಿ ವಾಪಸ್ ಬರತ್ತಾ?" ಅವಳು ಕೇಳಿದಳು.

"ಸುಳ್ಳು ಹೇಳಲ್ಲ ಕಣೇ. ಲೆಕ್ಕ ಹಾಕಿದ ಮೇಲೇ ಗೊತ್ತಾಗೋದು. ಅಲ್ಲಿ ಕಡಿಮೆ ದುಡಿದೋರಿಗೆ ಎಲ್ಲಾ ಬರತ್ತೆ, ಕೆಲವರಿಗೆ ಒಂದಿಷ್ಟು. ಕೇಳದೆ ಇದ್ರೆ ಮಾತ್ರ ಬಿಡಿಗಾಸೂ ಬರಲ್ಲ."

ರೆಮಿಹಿಯೊ ಕೈ ಒರೆಸಿಕೊಂಡ. "ಸುಮ್ನಿರಿ ಕೊಮಾದ್ರೆ. ನಾನಾಗೇ ಹೋಗಿ ಹುತ್ತಕ್ಕೆ ಕೈ ಹಾಕಲಾ? ಅವರು ನೀನೇ ಇನ್ನೂ ಕೊಡ್ಬೇಕು ಅಂದ್ರೆ?"

"ಕೊಡೋದಿದ್ರೆ ಅವರೇ ಹುಡುಕ್ಕೊಂಡು ಬರ್ತಾರೆ ಕೊಂಪಾದ್ರೆ. ವಾಪಸ್ ಕೊಡೋಕೆ ಮಾತ್ರ ಯಾರೂ ಹುಡುಕ್ಕೊಂಡು ಬರಲ್ಲ."

ಎಲೋಡಿಯಾಳಿಗೆ ನಗು ಬಂತು. ಆ ತಿಂಗಳಲ್ಲಿ ಅದೇ ಮೊದಲು. ಗಂಡ ಗೊಣಗಿದ, ಆದರೆ ತಡೆಯಲಿಲ್ಲ. "ಬ್ಯಾಂಕ್ ಖಾತೆ ನಂಬರ್ ಮಾತ್ರ ಕೊಡಬೇಡ. ಒಳಗೆ ಕೈ ಹಾಕ್ತಾರೆ," ಎಂದಷ್ಟೇ ಹೇಳಿದ.

ಲೈಬ್ರರಿಯಲ್ಲಿ ಸ್ವಯಂಸೇವಕರು ಪುಕ್ಕಟೆಯಾಗಿ ರಿಟರ್ನ್ ತುಂಬಿಕೊಡುತ್ತಿದ್ದರು. ಖಾತೆ ನಂಬರ್ ಬೇಡವೆಂದಾಗ, ಹಾಗಿದ್ದರೆ ಚೆಕ್ ಟಪಾಲಿನಲ್ಲಿ ಬರುತ್ತದೆ, ವಿಳಾಸ ಹೇಳಿ ಎಂದರು. ಎಲೋಡಿಯಾ ತಡವರಿಸಿದಳು. ಟೆಕ್ಸಸ್ ವಿಳಾಸ ನೋಡಿ ಮಿನೆಸೋಟದವರು, ಇವರು ನಮ್ಮವರೇ ಅಲ್ಲ ಎಂದುಬಿಟ್ಟರೆ? ಡಬ್ಲ್ಯು-ಟು ಚೀಟಿಯಲ್ಲಿದ್ದ ವಿಳಾಸವನ್ನೇ, ಬೇಸಿಗೆಯಲ್ಲಿ ಅವರು ತಂಗುವ ಕಾರ್ಖಾನೆಯ ಕ್ಯಾಂಪಿನದನ್ನು, ತೋರಿಸಿದಳು. ಪತ್ರ ಈ ವಿಳಾಸಕ್ಕೆ ಹೋದರೆ ನಿಮಗೆ ಸಿಗುತ್ತದೆಯೇ ಎಂದು ಅವರು ಕೇಳಿದ್ದಕ್ಕೂ ಹೂಂಗುಟ್ಟಿದಳು.

ಏಪ್ರಿಲ್ ಕಳೆಯಿತು. ಟಪಾಲು ಪೆಟ್ಟಿಗೆಯಲ್ಲಿ ವಿದ್ಯುತ್ ಬಿಲ್ಲು, ಸೋಫಾ ಅಂಗಡಿಯ ಜಾಹೀರಾತು. ಮೇ ಅರ್ಧವಾಯಿತು. ಕಾಲೊನಿಯ ಗಂಡಸರು ಬೇಲಿಯಾಚೆಯಿಂದಲೇ, "ಏನೋ ರೆಮಿಹಿಯೊ, ಮಿನೆಸೋಟದ ಗವರ್ನರು ಚೆಕ್ ಹಿಡ್ಕೊಂಡು ಹೊರಟ್ರಂತಾ?" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಒಳಗೆ ಬಂದು ಹೆಂಡತಿಯೊಡನೆ ಮಾತಾಡುತ್ತಿರಲಿಲ್ಲ. ಬೈದಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

ಅಂಥ ಒಂದು ಮಧ್ಯಾಹ್ನ ಅವಳ ಫೋನಿಗೆ ಸಂದೇಶ ಬಂತು. ನಿಮ್ಮ ರಾಜ್ಯ ತೆರಿಗೆಯ ರೀಫಂಡ್ ಮಂಜೂರಾಗಿದೆ, ಇಂದೇ ಕೆಳಗಿನ ಲಿಂಕ್ ಒತ್ತಿ ಕಾರ್ಡ್ ನಂಬರ್ ಕೊಡದಿದ್ದರೆ ರದ್ದಾಗುತ್ತದೆ.

ಎಲೋಡಿಯಾ ಅದನ್ನು ಮತ್ತೊಮ್ಮೆ ಓದಿದಳು. ಇಂದೇ! ಕಾರ್ಡನ್ನು ಕೈಗೆ ತೆಗೆದುಕೊಂಡೂ ಆಗಿತ್ತು. ಏನನ್ನಿಸಿತೋ, ಹೊವಿತಾಗೆ ಫೋನು ಮಾಡಿದಳು.

"ಒತ್ತಿದ್ಯಾ?" ಹೊವಿತಾ ಕೂಗಿದಳು.

"ಇಲ್ಲ, ಇನ್ನೂ ಇಲ್ಲ..."

"ಒತ್ತಬೇಡ ಮಾರಾಯ್ತಿ! ಅದು ಕಳ್ಳರದ್ದು. ದುಡ್ಡು ಕೊಡೋನಿಗೆ ನಿನ್ನ ಕಾರ್ಡ್ ನಂಬರ್ ಯಾಕೆ ಬೇಕು? ಬಂದೆ, ಇರು."

ಬಂದವಳೇ ಹೊವಿತಾ ತೆರಿಗೆ ಇಲಾಖೆಯ ಸ್ವಂತ ಪುಟ ತೆರೆದು, ರೀಫಂಡ್ ಎಲ್ಲಿದೆ ಎಂದು ನೋಡುವ ಜಾಗದಲ್ಲಿ ಎಲೋಡಿಯಾಳಿಂದಲೇ ವಿವರ ಹಾಕಿಸಿದಳು. ಚೆಕ್ ಏಪ್ರಿಲ್‌ನಲ್ಲೇ ಟಪಾಲಾಗಿದೆ ಎಂದು ತೋರಿಸಿತು.

"ಕಳಿಸಿದಾರೆ! ಎಲ್ಲಿಗೆ?"

ಎಲೋಡಿಯಾ ಹಣೆ ಚಚ್ಚಿಕೊಂಡಳು. ಕ್ಯಾಂಪು. ಅಕ್ಟೋಬರ್‌ನಲ್ಲಿ ಬೀಗ ಹಾಕಿದರೆ ಜೂನ್‌ವರೆಗೆ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ.

ಬಾಗಿಲಲ್ಲಿ ನಿಂತಿದ್ದ ರೆಮಿಹಿಯೊ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳು ತಲೆ ಎತ್ತದೆ ಹೇಳಿದಳು, "ನಾನೇ ಕೊಟ್ಟೆ ಆ ವಿಳಾಸಾನ. ಬೈಯೋದಿದ್ರೆ ಬೈದುಬಿಡು."

"ಖಾತೆ ನಂಬರ್ ಬೇಡ ಅಂದಿದ್ದು ನಾನು ತಾನೆ?" ಎಂದ ಅವನು. "ಕೊಟ್ಟಿದ್ರೆ ಇಷ್ಟೊತ್ತಿಗೆ ಗಾಡಿ ಓಡ್ತಿತ್ತು."

"ಇಬ್ಬರೂ ಆಮೇಲೆ ಅಳಿ," ಎಂದಳು ಹೊವಿತಾ. "ಈಗ ಇಲಾಖೆಗೆ ಫೋನ್ ಮಾಡೋಣ."

ಸ್ಪ್ಯಾನಿಷ್ ಮಾತಾಡುವವರು ಬೇಕೆಂದು ಕೇಳಿದ್ದಕ್ಕೆ ದುಭಾಷಿಯನ್ನೂ ಜೋಡಿಸಿಕೊಟ್ಟರು. ಚೆಕ್ಕು ಯಾರಿಗೂ ತಲುಪದೆ ಇಲಾಖೆಗೇ ವಾಪಸ್ಸಾಗಿತ್ತು. ವಿಳಾಸ ಬದಲಿಸಿ ಹೊಸದನ್ನು ಕಳಿಸುತ್ತೇವೆ, ಆದರೆ ಕೆಲವು ವಾರ ಹಿಡಿಯಬಹುದು ಎಂದರು. ದುಡ್ಡು ಎಲ್ಲೂ ಹೋಗಿರಲಿಲ್ಲ. ಆದರೆ ಆ ಕೆಲವು ವಾರಗಳು ಇವರ ಬಳಿ ಇವೆಯೇ?

ಜೂನ್ ಬಂತು. ಎಡಬಲದ ಗಾಡಿಗಳು ಹಾಸಿಗೆ, ಪಾತ್ರೆ ಕಟ್ಟಿಕೊಂಡು ಒಂದೊಂದೇ ಹೊರಟವು. ಎಲೋಡಿಯಾ ಪ್ರತಿ ದಿನ ಟಪಾಲಿನವನ ಗಾಡಿಯ ಸದ್ದಿಗೆ ಬೀದಿಗೆ ಓಡಿ, ಬರಿಗೈಯಲ್ಲಿ ಬರುತ್ತಿದ್ದಳು. ಮಕ್ಕಳ ಬಟ್ಟೆ ಗಂಟು ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟಿದಳು. ಕಾರ್ಖಾನೆಯ ಗಡುವಿಗೆ ಒಂದು ವಾರವಿದೆ ಎನ್ನುವಾಗ ಆ ಲಕೋಟೆ ಬಂತು. ಅವಳು ಒಡೆಯಲಿಲ್ಲ. ಗಂಡನ ಕೈಗೆ ಕೊಟ್ಟು ಮುಖ ಮುಚ್ಚಿಕೊಂಡಳು.

ಚೆಕ್ಕೇ ಆಗಿತ್ತು. ಗೇರ್ ಬಾಕ್ಸಿಗೂ ದಾರಿಯ ಪೆಟ್ರೋಲಿಗೂ ಸಾಕಾಗುವಷ್ಟಿತ್ತು.

ಮೆಕ್ಯಾನಿಕ್ ಕೀಲಿ ತಿರುಗಿಸಿದಾಗ ಗಾಡಿ ಒಮ್ಮೆ ಕೆಮ್ಮಿ, ಚಾಲೂ ಆಯಿತು. ಹೊರಡುವ ದಿನ ಬೀಳ್ಕೊಡಲು ಬಂದ ಹೊವಿತಾ, "ಹಳೇ ವರ್ಷದ್ದೂ ಕೇಳಬಹುದು. ಮೂರು ವರ್ಷ ಚಿಲ್ಲರೆ ಹಿಂದಿನವರೆಗೆ," ಎಂದಳು.

ರೆಮಿಹಿಯೊ ಸ್ಟಿಯರಿಂಗ್ ಮೇಲೆ ಬೆರಳು ಮಡಿಸುತ್ತ ವರ್ಷಗಳನ್ನು ಎಣಿಸಿದ. ಅವನು ಹದಿನೇಳರ ಹುಡುಗನಾಗಿದ್ದಾಗಿನಿಂದ ಆ ದಾರಿಯಲ್ಲಿ ಹೋಗಿ ಬರುತ್ತಿದ್ದವನು. ಈಗ ತಲೆ ನರೆತಿದೆ.

"ಅದಕ್ಕೂ ಹಿಂದಿಂದು, ಕೊಮಾದ್ರೆ?"

ಹೊವಿತಾಳ ಜೋರು ಬಾಯಿ ಆಗ ಮೆತ್ತಗಾಯಿತು. "ಅದು ಹೋಯ್ತು, ಕೊಂಪಾದ್ರೆ. ಇನ್ನು ಯಾರು ಕೇಳಿದ್ರೂ ಬರಲ್ಲ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬೇರೆ ರಾಜ್ಯಕ್ಕೆ ಹೋಗಿ ದುಡಿದು ಬರುವವರೇ, ಇವತ್ತೇ ನಿಮ್ಮ ಡಬ್ಲ್ಯು-ಟು ಚೀಟಿ ತೆಗೆಯಿರಿ. ಕೆಳಗಿನ ಸಾಲಿನಲ್ಲಿ ಯಾವುದಾದರೂ ರಾಜ್ಯ ನಿಮ್ಮ ದುಡ್ಡು ಹಿಡಿದಿದ್ದರೆ ಆ ರಾಜ್ಯಕ್ಕೂ ರಿಟರ್ನ್ ಹಾಕಿ. ಪುಕ್ಕಟೆ ಸಹಾಯ ಸಿಗುತ್ತದೆ, ಕೇಳಲು ನಾಚಬೇಡಿ. ನಿಮ್ಮ ಖಾತೆಗೇ ಹಾಕಿಸಿಕೊಳ್ಳಿ. ಚೆಕ್ಕೇ ಬೇಕೆಂದರೆ ನೀವು ಈಗ ಮಲಗುವ ಮನೆಯ ವಿಳಾಸ ಕೊಡಿ. ಫೋನಿಗೆ ಬರುವ ಲಿಂಕ್ ಒತ್ತಬೇಡಿ, ಎಷ್ಟೇ ಅವಸರವಿರಲಿ. ಕೇಳಲು ಗಡುವು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಮೊದಲೇ ವಿಚಾರಿಸಿ. ರೆಮಿಹಿಯೊ ಕಳೆದುಕೊಂಡ ಬೇಸಿಗೆಗಳನ್ನು ಅವನಿಗೆ ಯಾರೂ ತಂದುಕೊಡಲಾರರು. ನಿಮ್ಮವು ಇನ್ನೂ ಅಲ್ಲೇ ಇರಬಹುದು. ಹೋಗಿ ಕೇಳಿ.