ಸುಗ್ರಾ ಖಾಲಾಳ ಫೋನಿನಲ್ಲಿದ್ದ ಹುಡುಗಿಯರು

ಫೋನಿಗೆ ವೈರಸ್ ಬಂದಿದೆ ಅಂತ ಬರುವವರೆಲ್ಲ ಮೊದಲು ಹೇಳುವುದು ಒಂದೇ ಮಾತು, "ನಾನೇನೂ ಒತ್ತಿಲ್ಲ." ಶಾಲಿಬಂಡಾದಲ್ಲಿ ಇಪ್ಪತ್ತೆರಡು ವರ್ಷದಿಂದ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹೌದು, ನಾನೇ ಒತ್ತಿದೆ ಅಂತ ಒಪ್ಪಿಕೊಂಡ ಗಿರಾಕಿ ಒಬ್ಬನನ್ನೂ ನೋಡಿಲ್ಲ. ಹಾಗಾಗಿ ಬೆಳಗ್ಗೆ ಶಟರ್ ಎತ್ತುವಾಗಲೇ ನನಗೆ ಅರ್ಧ ಸಿಟ್ಟು ಬಂದಿರುತ್ತದೆ. ನೀವು ಅಂಗಡಿಗೆ ಹೋಗೋದು ದುಡಿಯೋಕಲ್ಲ, ಬೈಯೋಕೆ ಅಂತ ನನ್ನ ಹೆಂಡತಿ ರಫತ್ ಹೇಳುತ್ತಾಳೆ. ಇದ್ದರೂ ಇರಬಹುದು.

ಸುಗ್ರಾ ಖಾಲಾ ಮಾತ್ರ ಹಾಗನ್ನಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಬಂದು, ಕರವಸ್ತ್ರದಲ್ಲಿ ಸುತ್ತಿದ್ದ ಫೋನನ್ನು ಕೌಂಟರ್ ಮೇಲಿಟ್ಟು, ಬುರ್ಖಾದ ಮುಸುಕು ಎತ್ತಿ, "ಖದೀರ್, ನಾನೇ ಒತ್ತಿದೆ ಕಣಪ್ಪಾ. ಈಗ ಏನು ಬೈತೀಯೋ ಬೈದುಬಿಡು, ಆಮೇಲೆ ಕೆಲಸ ಮಾಡು" ಅಂದಳು.

ನಮಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ಮುಶಾತಾ. ಅಂದರೆ ಮನೆಮನೆ ಸುತ್ತಿ ಗಂಡು ಹೆಣ್ಣು ಕೂಡಿಸುವವಳು. ನಮ್ಮ ಮೊಹಲ್ಲಾದ ಅರ್ಧ ಮದುವೆಗಳು ಅವಳ ಕೈಯಿಂದಲೇ ಆದದ್ದು, ನನ್ನದೂ ಸೇರಿ. ಅವಳಿಗೊಂದು ಕಟ್ಟುನಿಟ್ಟು ಇತ್ತು. ಹುಡುಗಿಯ ಫೋಟೋವನ್ನು ಯಾರಿಗೂ ಕಳಿಸುವುದಿಲ್ಲ. ತಾನೇ ಹೋಗಿ ಹುಡುಗಿಯ ಮನೆಯಲ್ಲಿ ಫೋಟೋ ತೆಗೆಯಬೇಕು, ತಾನೇ ಗಂಡಿನ ಮನೆಗೆ ಹೋಗಿ ಕೂತು, ಗಂಡಿನ ತಾಯಿಯ ಎದುರು ಫೋನು ಹಿಡಿದು ತೋರಿಸಬೇಕು, ಚಾ ಕುಡಿದು ಫೋನು ಚೀಲಕ್ಕೆ ಹಾಕಿಕೊಂಡು ಎದ್ದುಬರಬೇಕು. ನೂರಾ ಎಂಬತ್ತು ಹುಡುಗಿಯರು ಆ ಫೋನಿನಲ್ಲಿದ್ದರು. ಬೇರೆ ಮುಶಾತಾಗಳು ಎಲ್ಲವನ್ನೂ ವಾಟ್ಸಾಪಿಗೆ ಸುರಿಯುವಾಗಲೂ ಜನ ಇವಳನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಈ ಒಂದು ಕಾರಣಕ್ಕೆ.

"ಏನು ಒತ್ತಿದಿರಿ?"

"ಮದುವೆ ಕಾರ್ಡು. ಸೋಮವಾರ ಬಂತು. ಹುಸೇನಿ ಆಲಂ ಗಲ್ಲಿಯ ರಜಿಯಾ ನಂಬರಿಂದ. ಅವಳ ಮಗಳ ಸಂಬಂಧ ನಾನೇ ಮಾಡಿಸಿದ್ದು, ಕಾರ್ಡು ಬಂದ್ರೆ ತೆರೀದೇ ಇರ್ತೀನಾ? ತೆರೆದೆ. ಏನೇನೋ ಕೇಳ್ತು, ಎಲ್ಲಕ್ಕೂ ಹೂಂ ಹೂಂ ಅಂದೆ. ಕಾರ್ಡು ಬರಲೇ ಇಲ್ಲ. ಆವತ್ತಿಂದ ನನ್ನ ಹೆಸರಲ್ಲಿ ಎಲ್ಲರಿಗೂ ಅದೇ ಕಾರ್ಡು ಹೋಗ್ತಿದೆ."

ಮೈ ಉರಿದುಹೋಯಿತು. ಖಾಲಾ ಮೇಲಲ್ಲ. ಈ ಕಳ್ಳ ನನ್ಮಕ್ಕಳು ಎಲ್ಲ ಬಿಟ್ಟು ಮದುವೆ ಕಾರ್ಡಿಗೇ ಕೈ ಹಾಕಿದ್ದಾರಲ್ಲ, ಅದಕ್ಕೆ. ಕರೆದರೆ ಹೋಗಬೇಕು ಅನ್ನುವ ಮರ್ಯಾದಸ್ಥರೇ ಇದಕ್ಕೆ ಸಿಕ್ಕಿಬೀಳುವುದು. ಯಾರ ಮದುವೆಗೂ ಹೋಗದ ನನ್ನಂಥವನಿಗೆ ಏನೂ ಆಗುವುದಿಲ್ಲ.

"ಅದಷ್ಟೇ ಆಗಿದ್ರೆ ನಾನು ಇಷ್ಟು ಹೆದರ್ತಿರಲಿಲ್ಲ" ಅಂದಳು ಖಾಲಾ, ದನಿ ತಗ್ಗಿಸಿ. "ತಹನಿಯತ್ ಗೊತ್ತಲ್ಲ, ಖಾಜಿಪುರದ ಹುಡುಗಿ, ರಕ್ತಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡ್ತಾಳೆ. ಹನ್ನೆರಡು ದಿನಕ್ಕೆ ನಿಕಾಹ್. ಅವಳ ಫೋಟೋ ಯಾವುದೋ ಗುಂಪಲ್ಲಿ ಬಿದ್ದಿದೆ. ಕೆಳಗಡೆ ಯಾರ್ದೋ ನಂಬರು, ಬೇಕಾದವರು ಮಾತಾಡಿ ಅಂತ. ಗಂಡಿನ ಕಡೆಯವರು ನಿನ್ನೆ ನೋಡಿದ್ದಾರೆ. ಊರೆಲ್ಲ ಸುತ್ತಿದ ಫೋಟೋ ನಮಗೆ ಬೇಡ ಅಂತಿದ್ದಾರೆ. ಆ ಫೋಟೋ ತೆಗೆದದ್ದು ನಾನು. ನನ್ನ ಫೋನ್ ಬಿಟ್ರೆ ಬೇರೆ ಕಡೆ ಇಲ್ಲ."

"ಈಗ ನಾನೇನು ಮಾಡ್ಲಿ?"

"ಫೋನ್ ತೊಳೆದುಕೊಡು. ಆಮೇಲೆ ನಿನ್ನ ಅಂಗಡಿ ಚೀಟಿ ಮೇಲೆ ಬರೆದುಕೊಡು, ವೈರಸ್ ಬಂದು ಕದ್ದುಕೊಂಡು ಹೋಯ್ತು, ಹುಡುಗಿಯದೇನೂ ತಪ್ಪಿಲ್ಲ ಅಂತ. ಸಂಜೆ ಅಸರ್ ನಮಾಜ್ ಆದ ಮೇಲೆ ಗಂಡಿನ ಮನೆಯವರು ಮಾತು ಮುಗಿಸೋಕೆ ಬರ್ತಾರಂತೆ. ಅಷ್ಟರೊಳಗೆ ಚೀಟಿ ಅವಳ ತಾಯಿ ಕೈ ಸೇರಬೇಕು."

ಎರಡೂವರೆ ಮೇಲೆ ಬನ್ನಿ ಅಂದೆ. ಖಾಲಾ ತಂಗಿಯ ಮನೆಗೆ ಹೋದಳು.

ಸಿಮ್ ತೆಗೆದೆ, ವೈಫೈ ಆರಿಸಿದೆ, ಫೋನನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿದೆ. ಆ ಮೋಡಿನಲ್ಲಿ ಹೊರಗಿನಿಂದ ಬಂದ ಆಪ್‌ಗಳು ಏಳುವುದಿಲ್ಲ, ಮಲಗಿದ್ದಾಗಲೇ ಕತ್ತು ಹಿಡಿಯಬಹುದು. 'ಶಾದಿ ಕಾರ್ಡ್' ಸಿಕ್ಕಿತು. ಪರದೆಯ ಮೇಲೆ ಗುರುತೇ ಇಲ್ಲ, ಒಳಗೆ ಮಾತ್ರ ಯಜಮಾನನ ಹಾಗೆ ಕೂತಿತ್ತು. ಅಳಿಸು ಅಂದರೆ ಅಳಿಸಲು ಬಿಡುವುದಿಲ್ಲ, ಮೊದಲು ಅದಕ್ಕೆ ಕೊಟ್ಟ ಅಧಿಕಾರ ಕಿತ್ತುಕೊಳ್ಳಬೇಕು. ಕಿತ್ತುಕೊಂಡೆ. ಅಳಿಸಿದೆ. ಅದು ಮೆಸೇಜುಗಳನ್ನು ಓದುತ್ತಿತ್ತು, ತನ್ನನ್ನೇ ಎಲ್ಲರಿಗೂ ಕಳಿಸುತ್ತಿತ್ತು. ಆದರೆ ಫೋಟೋಗಳನ್ನು ಮುಟ್ಟುವ ಅನುಮತಿ ಅದಕ್ಕೆ ಇರಲಿಲ್ಲ.

ಹಾಗಾದರೆ ಫೋಟೋ ಹೋದದ್ದು ಹೇಗೆ? ಮತ್ತೆ ಪಟ್ಟಿ ಮೇಲಿಂದ ನೋಡಿದೆ. 'ಬ್ಯಾಟರಿ ಸೇವೆ' ಅಂತ ಇನ್ನೊಂದಿತ್ತು, ಗುರುತಿಲ್ಲದ್ದು. ಬ್ಯಾಟರಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಫೋನಿನಲ್ಲಿದ್ದ ಫೋಟೋಗಳದ್ದೆಲ್ಲ, ಆಮೇಲೆ ಬಂದ ಹೊಸದರದ್ದೂ, ಒಂದೊಂದು ಪ್ರತಿ ಹೊರಗೆ ಕಳಿಸುವುದೇ ಅದರ ಕೆಲಸ. ಕೇಬಲ್ ಹಾಕಿ ಕಂಪ್ಯೂಟರಿನಲ್ಲಿ ನೋಡಿದೆ. ಹಾಕಿದ್ದು ಮಾರ್ಚ್ ಹನ್ನೊಂದು, ಮಧ್ಯಾಹ್ನ ಮೂರೂ ಹತ್ತು. ಇದು ಎಲ್ಲೋ ಕೂತ ಕಳ್ಳನ ಕೆಲಸ ಅಲ್ಲ. ಫೋನು ಕೈಯಲ್ಲಿ ಹಿಡಿದು, ಲಾಕ್ ತೆಗೆದು, ಕೂತು ಹಾಕಿದ್ದು.

ಮಾರ್ಚ್ ಹನ್ನೊಂದರ ರಸೀದಿ ಪುಸ್ತಕ ತೆಗೆದೆ. ಸುಗ್ರಾ ಬೇಗಂ, ಡಿಸ್ಪ್ಲೇ ಬದಲು. ಹನ್ನೆರಡಕ್ಕೆ ಇಸಿದುಕೊಂಡದ್ದು, ಐದಕ್ಕೆ ಕೊಟ್ಟದ್ದು. ಅಂಗಡಿ ಪದ್ಧತಿಯಂತೆ ಫೋನಿನ ಬೆನ್ನಿಗೆ ಟೇಪು ಅಂಟಿಸಿ ಅದರ ಮೇಲೆ ಲಾಕಿನ ನಂಬರು ಬರೆದದ್ದು ನಾನೇ. ಡಿಸ್ಪ್ಲೇ ಕೂರಿಸಿ, ಬೇರೊಬ್ಬರ ಸಾಮಾನು ತರಲು ಕೋಠಿ ಮಾರ್ಕೆಟ್ಟಿಗೆ ಹೋದವನೂ ನಾನೇ. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಇದ್ದವನು ಒಬ್ಬನೇ, ಮುಬೀನ್. ರಫತ್‌ಳ ತಮ್ಮ. ಇಪ್ಪತ್ತೆಂಟು ವರ್ಷದ ಕತ್ತೆ, ನಾಲ್ಕು ವರ್ಷದಿಂದ ನನ್ನ ಕೌಂಟರಿನಲ್ಲಿ ಕೂತಿದ್ದಾನೆ.

ಆಗಲೂ ಅಲ್ಲೇ ಕೂತು ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದ.

"ಮುಬೀನ್, ಇಲ್ಲಿ ಬಾ. ಇದೇನು?"

ನೋಡಿದ. ಗಾಜು ಒರೆಸುವ ಬಟ್ಟೆಗೆ ಕೈ ಒರೆಸಿಕೊಂಡ. "ಗೊತ್ತಿಲ್ಲ ದುಲ್ಹೇ ಭಾಯಿ" ಅಂದ, ಭಾವ ಅನ್ನುವುದನ್ನು ಎಳೆದು.

"ಗೊತ್ತಿಲ್ವಾ? ತಾರೀಕು ಓದಲಾ? ಗಂಟೆ ಓದಲಾ? ನಿಮ್ಮಕ್ಕನ್ನ ಇಲ್ಲಿಗೇ ಕರೆಸಲಾ?"

ಅಕ್ಕನ ಹೆಸರು ಬಂದ ಕೂಡಲೇ ಬಾಯಿ ಬಿಟ್ಟ. ಯಾರೋ ಒಬ್ಬ ಆನ್‌ಲೈನ್ ಸಂಬಂಧದ ಗುಂಪು ನಡೆಸುತ್ತಾನಂತೆ. ಒಳ್ಳೆ ಮನೆ ಹುಡುಗಿಯರ ಫೋಟೋ ಬೇಕು ಅಂದನಂತೆ. ಇವನು ಕೊಟ್ಟನಂತೆ.

"ಬರೀ ಫೋಟೋ ತಾನೇ ದುಲ್ಹೇ ಭಾಯಿ. ಕೆಟ್ಟ ಫೋಟೋ ಏನಲ್ಲ. ಮದುವೆಗೆ ಅಂತಾನೇ ತೆಗೆಸಿದ್ದು. ಇನ್ನು ನಾಲ್ಕು ಜನ ನೋಡಿದ್ರೆ ಏನು ಸವೆದುಹೋಗುತ್ತೆ?"

ಹೊಡೆದೆ. ಸುಳ್ಳು ಯಾಕೆ ಹೇಳಲಿ, ಎರಡು ಸಲ ಹೊಡೆದೆ. ಎದುರಿನ ಬಳೆ ಅಂಗಡಿಯವನು ಎದ್ದು ನಿಂತು ನೋಡಿದ. ದಿನಾ ಬೆಳಗಾದರೆ ಯಾರನ್ನೂ ನಂಬಬೇಡಿ, ಯಾವುದನ್ನೂ ಒತ್ತಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಕಳ್ಳನಿಗೆ ನಾನೇ ಲಾಕಿನ ನಂಬರು ಬರೆದು ಅಂಟಿಸಿ, ಫ್ಯಾನು ಹಾಕಿ ಕೂರಿಸಿ ಹೋಗಿದ್ದೆ. ನನಗೂ ಎರಡು ಹೊಡೆಯುವವರು ಯಾರಾದರೂ ಬೇಕಿತ್ತು.

ಮುಬೀನ್ ಕೆನ್ನೆ ಒರೆಸಿಕೊಂಡು ಮೆಲ್ಲಗೆ ಅಂದ, "ಪೂರ್ತಿ ಅಳಿಸಿಬಿಡಿ. ಕಾರ್ಡ್ ವೈರಸ್ ಅಂತ ಬರೆದುಕೊಡಿ. ಖಾಲಾಗೂ ಒಳ್ಳೇದು, ಆ ಹುಡುಗಿಗೂ ಒಳ್ಳೇದು, ಅಕ್ಕಂಗೂ ಒಳ್ಳೇದು. ಯಾರಿಗೆ ಗೊತ್ತಾಗುತ್ತೆ?"

ಅವನನ್ನು ಅಂಗಡಿಯಿಂದ ಆಚೆ ದಬ್ಬಿದೆ. ಆದರೆ ಅವನ ಮಾತು ಒಳಗೇ ಉಳಿಯಿತು. ಎಲ್ಲ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಒತ್ತಿದರೆ ಫೋನು ಹೊಸದರಂತೆ ಆಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಒತ್ತಲಿಲ್ಲ. ಧೈರ್ಯದಿಂದ ಅಂತ ತಿಳಿಯಬೇಡಿ. ಅವನು ಹೇಳಿದ್ದನ್ನೇ ಮಾಡಲು ಸಿಟ್ಟು ಬಿಡಲಿಲ್ಲ, ಅಷ್ಟೇ.

ಖಾಲಾ ಬಂದಾಗ ಎಲ್ಲ ಹೇಳಿದೆ. ಅವಳು ಸ್ಟೂಲಿನ ಮೇಲೆ ಕೂತಳು.

"ಹೋದ ತಿಂಗಳು ರಫತ್ ಬಂದು, ನನ್ನ ತಮ್ಮಂಗೂ ಒಂದು ಹೆಣ್ಣು ನೋಡಿ ಖಾಲಾ ಅಂದಿದ್ದಳು" ಅಂದಳು. "ಇದೇ ಫೋನಲ್ಲಿ ಮೂರು ಹುಡುಗಿಯರನ್ನ ಅವಳಿಗೆ ತೋರಿಸಿದೆ."

ರಫತ್‌ಗೆ ಹೇಳಿಬಿಡೋಣ ಅಂತ ನನ್ನ ಫೋನು ಎತ್ತಿಕೊಂಡೆ.

"ಇರಲಿ. ಈಗ ಅದನ್ನ ಎತ್ತಬೇಡ. ಗಂಟೆ ಮೂರಾಯ್ತು. ಕಾರ್ಡ್ ವೈರಸ್ ಅಂತಲೇ ಬರಿ."

"ಖಾಲಾ, ಸುಳ್ಳಲ್ವಾ ಅದು?"

"ಸುಳ್ಳೇ. ಮೊಹಲ್ಲಾದ ರಿಪೇರಿಯವನು ಕದ್ದ ಅಂದ್ರೆ, ಅವಳಿಗೂ ಅವನಿಗೂ ಏನು ಸಂಬಂಧ ಅಂತ ಕೇಳ್ತಾರೆ. ಎಲ್ಲೋ ಕೂತ ಕಳ್ಳ ಅಂದ್ರೆ ಏನೂ ಕೇಳಲ್ಲ. ನಲವತ್ತು ವರ್ಷದಿಂದ ಈ ಜನಾನ ನೋಡಿದೀನಿ. ಬರಿ ಖದೀರ್. ಹುಡುಗಿ ಮದುವೆ ಉಳೀಲಿ."

ಬರೆದೆ. ಅಂಗಡಿ ಮುದ್ರೆ ಒತ್ತಿ ಸಹಿ ಹಾಕಿದೆ. ಫೋನನ್ನು ಆರಿಸಿ ಕವರಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡೆ. ಚೀಟಿ ಮಾತ್ರ ಕೊಟ್ಟರೆ ನಂಬುವುದಿಲ್ಲ, ನೀನೂ ಬಾ ಅಂದಳು ಖಾಲಾ. ಇಬ್ಬರೂ ಆಟೋ ಹಿಡಿದು ಖಾಜಿಪುರಕ್ಕೆ ಹೋದೆವು.

ತಹನಿಯತ್‌ಳ ತಾಯಿ ಚೀಟಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ನಿಮ್ಮ ಮಕ್ಕಳು ತಣ್ಣಗಿರಲಿ ಭಾಯಿ. ಇದೊಂದು ಸಾಕು. ಇದನ್ನ ಅವರ ಮುಖಕ್ಕೆ ಹಿಡೀತೀನಿ" ಅಂದಳು. ನನಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಒಳಬಾಗಿಲಿನ ಪರದೆಯ ಹಿಂದಿನಿಂದ ಒಂದು ದನಿ ಬಂತು. "ಖಾಲಾ, ಆ ಕಾರ್ಡು ನೀವು ತೆರೆದದ್ದು ಯಾವತ್ತು?"

"ಸೋಮವಾರ, ಬೇಟಾ."

"ಮೊನ್ನೆ ಸೋಮವಾರ. ಗುಂಪಲ್ಲಿ ನನ್ನ ಫೋಟೋ ಹಾಕಿ ಇಪ್ಪತ್ತು ದಿನ ಆಗಿದೆ. ತಾರೀಕು ಅದರ ಮೇಲೇ ಇದೆ. ಮೊನ್ನೆ ಬಂದ ಕಳ್ಳ ಇಪ್ಪತ್ತು ದಿನದ ಹಿಂದೆ ಹೇಗೆ ಕದ್ದ?"

ತಾಯಿ ಚೀಟಿ ಹಿಡಿದುಕೊಂಡೇ ನಮ್ಮಿಬ್ಬರ ಮುಖ ನೋಡಿದಳು. ಖಾಲಾ ನನ್ನ ತೋಳು ಒತ್ತಿದಳು, ಸುಮ್ಮನಿರು ಅಂತ. ನನಗೆ ಸುಮ್ಮನಿರುವುದು ಯಾವತ್ತೂ ಬಂದದ್ದಲ್ಲ. ಕಾರ್ಡು ಕದ್ದಿಲ್ಲಮ್ಮಾ, ನನ್ನ ಅಂಗಡಿಯಲ್ಲಿ ಕದ್ದದ್ದು, ನನ್ನ ಹೆಂಡತಿಯ ತಮ್ಮ ಕದ್ದದ್ದು, ಆ ಚೀಟಿ ಸುಳ್ಳು ಅಂದುಬಿಟ್ಟೆ.

ಪರದೆ ಸರಿಸಿ ತಹನಿಯತ್ ಆಚೆ ಬಂದಳು. ಲ್ಯಾಬಿನಿಂದ ಈಗಷ್ಟೇ ಬಂದಿರಬೇಕು, ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ತಾಯಿಯ ಕೈಯಿಂದ ಚೀಟಿ ತೆಗೆದುಕೊಂಡು ಪೂರ್ತಿ ಓದಿದಳು.

"'ಹುಡುಗಿಯದು ಏನೂ ತಪ್ಪಿಲ್ಲ.' ಇದನ್ನ ನೀವು ಬರೆದುಕೊಡಬೇಕಾ? ಫೋನ್ ರಿಪೇರಿಯವರು?" ಅವಳ ದನಿ ಏರಲಿಲ್ಲ. "ನಾನು ನಮ್ಮ ಮನೇಲಿ, ನಮ್ಮ ಅಂಗಳದಲ್ಲಿ, ತಲೆ ಮೇಲೆ ದುಪಟ್ಟಾ ಹಾಕಿ ನಿಂತಿದ್ದೆ. ಅದಕ್ಕೆ ನನಗೆ ಮುದ್ರೆ ಒತ್ತಿದ ಚೀಟಿ ಬೇಕು. ಕದ್ದವನಿಗೆ ಏನೂ ಬೇಡ. ಅವನು ನಾಳೆ ಕೌಂಟರಲ್ಲಿ ಕೂತಿರ್ತಾನೆ."

"ತಹನಿಯತ್, ಬಾಯಿ ಮುಚ್ಚು. ಇನ್ನೊಂದು ಗಳಿಗೆಗೆ ಅವರು ಬರ್ತಾರೆ" ಅಂದಳು ತಾಯಿ.

"ಬರ್ಲಿ ಅಮ್ಮೀ. ಚೀಟಿ ನೋಡಿ ನನ್ನ ಒಪ್ಕೊಳ್ಳೋ ಮನೆಗೆ ನಾನು ಹೋಗಲ್ಲ. ನೀನೇ ಹೇಳ್ತೀಯೋ, ನಾನೇ ಹೇಳ್ಲೋ?"

ಖಾಲಾ ಏನೋ ಹೇಳಲು ಬಾಯಿ ತೆರೆದಳು. ಹುಡುಗಿ ಅವಳ ಕಡೆ ತಿರುಗಿ, "ಉಳಿದ ನೂರಾ ಎಪ್ಪತ್ತೊಂಬತ್ತು ಜನಕ್ಕೂ ಹೀಗೇ ಚೀಟಿ ಹಂಚ್ತೀರಾ ಖಾಲಾ?" ಅಂದಳು. ಖಾಲಾ ಬುರ್ಖಾದ ಮುಸುಕು ಕೆಳಗೆಳೆದುಕೊಂಡಳು.

"ಫೋನ್ ಅಳಿಸಿದ್ರಾ?" ನನ್ನನ್ನು ಕೇಳಿದಳು.

"ಇಲ್ಲ. ಕಾರ್ಡ್ ಮಾತ್ರ ತೆಗೆದೆ. ಅವನು ಹಾಕಿದ್ದು ಹಾಗೇ ಇದೆ."

"ಹಾಗಾದ್ರೆ ಹಾಗೇ ಇರ್ಲಿ, ಪೊಲೀಸರ ಮುಂದೆ ತೆಗೀರಿ." ಚೀಟಿಯನ್ನು ನಾಲ್ಕು ಚೂರು ಮಾಡಿ, ಒಳಗಿನಿಂದ ಒಂದು ಬಿಳಿ ಹಾಳೆ ಮತ್ತು ಪೆನ್ನು ತಂದು ನನ್ನ ಮುಂದಿಟ್ಟಳು. "ಬರೀರಿ. ಏನಾಯ್ತು, ಯಾವತ್ತು, ಎಷ್ಟು ಗಂಟೆಗೆ, ಯಾರು. ಸ್ಟೇಷನ್‌ಗೆ ನಾನೇ ಬರ್ತೀನಿ."

ತಾರೀಕು ಬರೆದೆ. ಗಂಟೆ ಬರೆದೆ. ಲಾಕಿನ ನಂಬರು ಟೇಪಿನ ಮೇಲೆ ಬರೆದಿಟ್ಟವನು ನಾನೇ ಅಂತಲೂ ಬರೆದೆ. ಮುಬೀನ್ ಅಂತ ಬರೆದು ಪೆನ್ನು ಕೆಳಗಿಟ್ಟೆ.

ಅವಳು ಬಗ್ಗಿ ನೋಡಿದಳು. "ಮುಬೀನ್ ಅಂದ್ರೆ ಯಾವ ಮುಬೀನ್? ಈ ಊರಲ್ಲಿ ಸಾವಿರ ಜನ ಇದಾರೆ. ತಂದೆ ಹೆಸರೂ ಬರೀರಿ."

ಅವನ ತಂದೆ ಅಂದರೆ ನನ್ನ ಮಾವ. ನಾನು ಹತ್ತೊಂಬತ್ತು ವರ್ಷದವನಿದ್ದಾಗ ಕೈ ಹಿಡಿದು ಬೆಸುಗೆ ಹಾಕುವುದು ಕಲಿಸಿದವರು. ಮಗಳನ್ನೂ ಕೊಟ್ಟರು, ಅಂಗಡಿಯನ್ನೂ ಕೊಟ್ಟರು, ಸಾಯುವಾಗ ಮುಬೀನ್‌ನನ್ನು ನೋಡ್ಕೋ ಅಂದರು. ಸ್ಟೇಷನ್ನಿನ ಕಾಗದದಲ್ಲಿ ಅವರ ಹೆಸರು ಒಮ್ಮೆಯೂ ಬಿದ್ದಿರಲಿಲ್ಲ.

ಎಲ್ಲರ ಮೇಲೂ ಉರಿದು ಬೀಳುವ ನನಗೆ ಆಗ ಸಿಟ್ಟು ಅನ್ನುವುದೇ ಇರಲಿಲ್ಲ. ಹುಡುಗಿ ಪಕ್ಕದಲ್ಲೇ ನಿಂತಿದ್ದಳು, ಕಾಯುತ್ತಾ.

ಪೆನ್ನು ಎತ್ತಿಕೊಂಡು ಮಾವನ ಹೆಸರನ್ನು ಪೂರ್ತಿ ಬರೆದೆ, ಓದಲು ಬರುವ ಹಾಗೆ.